ಡೋಲಕದವಳು ಪಾರ್ಟಿ ಬದಲಿಸಿದ ವಾರ

ಈ ಕಥೆಯನ್ನು ನಾನು ಕಡಿಮೆಯೆಂದರೂ ಇಪ್ಪತ್ತು ಸಲ ಹೇಳಿದ್ದೇನೆ. ಹೇಳಿದಷ್ಟೂ ಅದು ಚೆನ್ನಾಗುತ್ತ ಹೋಗಿದೆ, ಅದೇ ಅದರ ದೋಷ. ಮೊದಲ ಸಲ ಹೇಳಿದಾಗ ಅದರಲ್ಲಿ ಮಳೆ ಇರಲಿಲ್ಲ. ಈಗ ಯಾರಿಗೆ ಹೇಳಿದರೂ ಪುಣೆಯ ಬಿಬವೇವಾಡಿಯಲ್ಲಿ ಮಳೆ ಸುರಿಯುತ್ತಿರುತ್ತದೆ. ಆದ್ದರಿಂದ ಬರೆಯಲು ಕೂತಾಗ ನಾನು ಮಾಡುವ ಮೊದಲ ಕೆಲಸ ಮಳೆಯನ್ನು ತೆಗೆಯುವುದು. ಜೂನ್ ತಿಂಗಳು, ಸೆಖೆ, ಮೇಲೆ ಫ್ಯಾನು ತಿರುಗುತ್ತಿತ್ತು. ಫ್ಯಾನಿನ ಬಗ್ಗೆಯೂ ಪ್ರಮಾಣ ಮಾಡಲಾರೆ.

ಖಚಿತವಾಗಿ ಗೊತ್ತಿರುವುದು ಇಷ್ಟು. ಆ ಶುಕ್ರವಾರ ಸಂಜೆ ನಾಲ್ಕಕ್ಕೆ ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ ನನ್ನ ಸೆಮಿನಾರ್ ಇತ್ತು. ಪಿಎಚ್‌ಡಿ ಪ್ರಬಂಧದ ನಾಲ್ಕನೇ ಅಧ್ಯಾಯವನ್ನು ಎಲ್ಲರ ಮುಂದೆ ಇಡಬೇಕಿತ್ತು. ಅದು ನಿಂತರೆ ಜುಲೈಯಲ್ಲಿ ಪ್ರಬಂಧ ಸಲ್ಲಿಸಬಹುದು. ಬಿದ್ದರೆ ಇನ್ನೊಂದು ವರ್ಷ. ಆಗಲೇ ಐದು ವರ್ಷ ಕಳೆದಿದ್ದವು, ಆ ಐದೂ ವರ್ಷ ನಾನು ಇದ್ದದ್ದು ಸೋದರತ್ತೆಯ ಮನೆಯಲ್ಲಿ.

ಅತ್ತೆಯ ಮನೆಯಲ್ಲಿ ನನಗೊಂದು ಖೋಲಿ ಇತ್ತು, ಆದರೆ ಒಬ್ಬಳಿಗೇ ಅಲ್ಲ. ಒಂದು ಹಾರ್ಮೋನಿಯಂ, ಒಂದು ಡೋಲಕ, ಬಟ್ಟೆಯ ಚೀಲದಲ್ಲಿ ಐದಾರು ಜೊತೆ ತಾಳ ನನ್ನ ಮಂಚದ ಪಕ್ಕದಲ್ಲೇ ಇರುತ್ತಿದ್ದವು. ಅತ್ತೆಯ ಭಜನಿ ಮಂಡಳಿಯ ಸಾಮಾನು. ನಮ್ಮ ಭಾಗದ ಕನ್ನಡದ ಹೆಂಗಸರು ಪ್ರತಿ ಬುಧವಾರ ಅತ್ತೆಯ ಹಾಲಿನಲ್ಲಿ ಸೇರಿ ಹಾಡುತ್ತಿದ್ದರು. ಜುಲೈ ಆದಮೇಲೆ ನನ್ನ ಖೋಲಿಯನ್ನು ತಾಲೀಮಿಗೆ ಕೊಡುತ್ತೇನೆಂದು ಅತ್ತೆ ಮಂಡಳಿಗೆ ಮಾತು ಕೊಟ್ಟಾಗಿತ್ತು. ನಾನು ಜುಲೈಯಲ್ಲಿ ಮುಗಿಸಿ ಹೊರಡುವುದರಲ್ಲಿ ನನಗಿಂತ ಹೆಚ್ಚು ನಂಬಿಕೆ ಇದ್ದದ್ದು ಹಾರ್ಮೋನಿಯಂ ನುಡಿಸುವವಳಿಗೆ.

ನನ್ನ ವಿಷಯ ಚಿಹ್ನೆಯಿರುವ ಗ್ರಾಫುಗಳು. ಕೆಲವು ಚುಕ್ಕೆ, ನಡುವೆ ಗೆರೆ, ಪ್ರತಿ ಗೆರೆಗೂ ಕೂಡು ಅಥವಾ ಕಳೆ. ಅಷ್ಟೇ. ಅತ್ತೆ ಒಮ್ಮೆ ನನ್ನ ಹಾಳೆಗಳನ್ನು ನೋಡಿ ಕೇಳಿದಳು.

“ದಿನಾ ಗೆರಿ ಎಳದು ಎಳದು ಏನ ಮಾಡ್ಲಿಕತ್ತೀ?”

“ಅತ್ಯಾ, ಈ ಚುಕ್ಕಿ ಒಬ್ಬಾಕಿ, ಆ ಚುಕ್ಕಿ ಇನ್ನೊಬ್ಬಾಕಿ ಅಂತ ತಿಳ್ಕೊ. ಇಬ್ಬರೂ ಚಲೋ ಇದ್ರ ನೀಲಿ ಗೆರಿ. ಮಾತು ಬಿಟ್ಟಿದ್ರ ಕೆಂಪು.”

“ಗುರ್ತನ ಇಲ್ದಿದ್ರ?”

“ಗೆರಿನ ಇಲ್ಲ.”

ಅತ್ತೆ ಹಾಳೆಯನ್ನು ತಿರುವಿ ಹಿಂಬದಿಯನ್ನೂ ನೋಡಿದಳು. “ಇದಕ್ಕ ಐದು ವರ್ಷ ಬೇಕಾತೇನ?”

ಎರಡು ದಿನಕ್ಕೆ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಅವಳದೇ ಒಂದು ಗ್ರಾಫ್ ತಯಾರಾಯಿತು. ಮಂಡಳಿಯ ಏಳು ಹೆಂಗಸರು, ಏಳು ಚುಕ್ಕೆ. ಹೆಸರು ಬರೆದರೆ ಯಾರಾದರೂ ನೋಡಿಯಾರು ಎಂದು ಪ್ರತಿ ಚುಕ್ಕೆಯ ಪಕ್ಕ ಅವರವರ ವಾದ್ಯದ ಚಿತ್ರ. ವಾದ್ಯವಿಲ್ಲದೆ ಬರೀ ಹಾಡುವವರಿಗೆ ಹೂವು, ಎಲೆ. ಮಂಡಳಿಯಲ್ಲಿ ಇದ್ದದ್ದು ಎಂಟು ಮಂದಿ. ಎಂಟನೆಯವಳು ಅತ್ತೆ. ಅವಳ ಚುಕ್ಕೆ ಎಲ್ಲಿ ಎಂದರೆ, “ನಂದು ಯಾರ ಜೋಡಿನೂ ಏನೂ ಇಲ್ಲ” ಎಂದಳು. ಇದು ಸುಳ್ಳೆಂದು ಏಳೂ ಜನ ಹೇಳಿಯಾರು.

ಅದೇ ಹಾಳೆಯ ಮುಂದೆ ಕೂತು ಅವಳು ಹೇಳಿದ್ದೊಂದು ಮಾತು ನನಗೆ ಸರಿಯಾಗಿ ನೆನಪಿದೆ, ಯಾಕೆಂದರೆ ಅಂದೇ ಬರೆದುಕೊಂಡೆ.

“ಮೂರು ಮಂದ್ಯಾಗ ಒಂದ ಕೆಂಪು ಇದ್ರ ಭಾಳ ತ್ರಾಸ ನೋಡು. ಎರಡು ಕೆಂಪು ಇದ್ರ ನಡೀತದ.”

“ಹೆಚ್ಚು ಜಗಳ ಇದ್ರ ಚಲೋನ?”

“ಎರಡು ಕೆಂಪು ಅಂದ್ರ ಒಬ್ಬಾಕಿ ಆ ಕಡೆ, ಇಬ್ಬರು ಈ ಕಡೆ. ಯಾರನ್ನ ಎಲ್ಲಿ ಕೂಡಸಬೇಕು ಗೊತ್ತಾಗ್ತದ. ಒಂದ ಕೆಂಪು ಇದ್ರ ನಡುವಿನಾಕಿ ಸಾಯ್ತಾಳ. ಆ ಕಡೆ ಕೂತ್ರ ಈಕಿಗೆ ಸಿಟ್ಟು, ಈ ಕಡೆ ಕೂತ್ರ ಆಕಿಗೆ.”

ನಮ್ಮಲ್ಲಿ ಇದಕ್ಕೆ ಸಮತೋಲ ಎಂಬ ದೊಡ್ಡ ಹೆಸರಿದೆ. ಅದನ್ನು ಅರಗಿಸಿಕೊಳ್ಳಲು ಮೊದಲ ವರ್ಷ ನನಗೆ ಎರಡು ವಾರ ಹಿಡಿದಿತ್ತು.

ಇನ್ನು ನಾಲ್ಕನೇ ಅಧ್ಯಾಯ. ಪ್ರತಿ ಗ್ರಾಫನ್ನೂ ಒಂದು ಕೋಷ್ಟಕವಾಗಿ ಬರೆಯಬಹುದು: ನೀಲಿ ಗೆರೆಗೆ ಒಂದು, ಕೆಂಪಿಗೆ ಮೈನಸ್ ಒಂದು, ಗೆರೆಯಿಲ್ಲದಲ್ಲಿ ಸೊನ್ನೆ. ಆ ಕೋಷ್ಟಕದಿಂದ ಚುಕ್ಕೆಗಳೆಷ್ಟೋ ಅಷ್ಟು ಸಂಖ್ಯೆಗಳು ಹೊರಡುತ್ತವೆ. ಅವು ಐಗನ್ ಮೌಲ್ಯಗಳು. ಅವೆಲ್ಲವನ್ನೂ ಸೇರಿಸಿ ಸ್ಪೆಕ್ಟ್ರಮ್ ಅನ್ನುತ್ತಾರೆ, ಕನ್ನಡ ಪಠ್ಯಪುಸ್ತಕದಲ್ಲಿ ರೋಹಿತ. ಮುಚ್ಚಿದ ಬಾಗಿಲಾಚೆ ನುಡಿಯುತ್ತಿರುವುದು ಹಾರ್ಮೋನಿಯಂ ಎಂದು ಸ್ವರದಿಂದಲೇ ಗೊತ್ತಾಗುತ್ತದಲ್ಲ, ಹಾಗೆ ರೋಹಿತದಿಂದ ಗ್ರಾಫಿನ ಬಗ್ಗೆ ಬಹಳಷ್ಟು ಗೊತ್ತಾಗುತ್ತದೆ. ಆದರೆ ಎಲ್ಲವೂ ಅಲ್ಲ. ನಿಜವಾಗಿಯೂ ಬೇರೆಬೇರೆಯಾದ ಎರಡು ಗ್ರಾಫುಗಳು ಒಂದೇ ಸ್ವರ ಹೊರಡಿಸಬಹುದು. ಅಂಥ ಜೋಡಿಗಳನ್ನು ಹುಡುಕುವುದು ನಮ್ಮ ಜನಕ್ಕೊಂದು ಚಟ.

ನನಗೆ ಅಂಥದೊಂದು ಜೋಡಿ ಸಿಕ್ಕಿತ್ತು. ಎಂಟೇ ಚುಕ್ಕೆ, ಅಂಗೈಯಷ್ಟು ಹಾಳೆಯಲ್ಲಿ ಬರೆಯಬಹುದಾದಷ್ಟು ಚಿಕ್ಕದು, ನೋಡಲು ಚೆಂದ. ಆ ಒಂದು ಜೋಡಿಯನ್ನು ಬೀಜವಾಗಿಟ್ಟುಕೊಂಡು ಅನಂತ ಜೋಡಿಗಳನ್ನು ಕಟ್ಟಿದ್ದೆ. ಅದೇ ನಾಲ್ಕನೇ ಅಧ್ಯಾಯ.

ಇದರಲ್ಲಿ ಎರಡು ಮೋಸಗಳಿಂದ ತಪ್ಪಿಸಿಕೊಳ್ಳಬೇಕು. ಒಂದು, ಚುಕ್ಕೆಗಳ ಹೆಸರು ಅದಲುಬದಲಾದರೆ ಚಿತ್ರ ಬೇರೆ ಕಾಣುತ್ತದೆ, ಗ್ರಾಫ್ ಅದೇ. ಇನ್ನೊಂದು, ಒಂದು ಚುಕ್ಕೆಯನ್ನು ಹಿಡಿದು ಅದಕ್ಕೆ ತಾಗಿದ ಎಲ್ಲ ಗೆರೆಗಳ ಬಣ್ಣ ತಿರುಗಿಸಬಹುದು, ನೀಲಿಯೆಲ್ಲ ಕೆಂಪು, ಕೆಂಪೆಲ್ಲ ನೀಲಿ. ಆಗಲೂ ರೋಹಿತ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಆದ್ದರಿಂದ ಈ ಎರಡು ಬಗೆಯಲ್ಲಿ ಒಂದರಿಂದ ಇನ್ನೊಂದು ಹುಟ್ಟಿದ ಗ್ರಾಫುಗಳು ಜೋಡಿಯಲ್ಲ, ಒಂದೇ ಗ್ರಾಫ್ ಬೇರೆ ಸೀರೆ ಉಟ್ಟುಕೊಂಡು ಬಂದದ್ದು. ನಾನು ಎರಡನ್ನೂ ಪರೀಕ್ಷಿಸಿದ್ದೆ. ಎಂಟು ಚುಕ್ಕೆಗೆ ಹೆಸರಿಡುವ ನಲವತ್ತು ಸಾವಿರ ಚಿಲ್ಲರೆ ಬಗೆಗಳನ್ನೂ ಕಂಪ್ಯೂಟರು ನೋಡಿತ್ತು. ಬಣ್ಣ ತಿರುಗಿಸುವ ನೂರಾ ಇಪ್ಪತ್ತೆಂಟು ಬಗೆಗಳನ್ನೂ ನೋಡಿತ್ತು. ಎರಡೂ ಕಡೆ ಉತ್ತರ ಒಂದೇ: ಹೊಂದುವುದಿಲ್ಲ. ನಾನು ನಿಶ್ಚಿಂತೆಯಾಗಿದ್ದೆ.

ಸೆಮಿನಾರಿನ ವಾರದ ಬುಧವಾರ ಮಂಡಳಿ ಎದ್ದುಹೋದ ಮೇಲೆ ಅತ್ತೆ ಎರಡು ಹಾಳೆ ತಂದು ನನ್ನ ತಟ್ಟೆಯ ಪಕ್ಕ ಹಾಸಿದಳು. ಒಂದು ಹೋದ ವರ್ಷದ್ದು, ನೆನಪಿನಿಂದ ಬರೆದದ್ದು. ಇನ್ನೊಂದು ಈ ವರ್ಷದ್ದು. ಪಂಢರಪುರಕ್ಕೆ ಹೋಗುವ ಪಾಲಖಿ ಮೆರವಣಿಗೆ ಸಾಸವಡದಲ್ಲಿ ತಂಗುವಾಗ ಮಂಡಳಿ ಅಲ್ಲಿಗೆ ಹೋಗಿ ಹಾಡುವುದು ವಾಡಿಕೆ. ಹೋದ ವರ್ಷ ಅಲ್ಲಿ ಮೊದಲು ದಾಸರ ಪದವೋ ಮರಾಠಿ ಅಭಂಗವೋ ಎಂದು ಶುರುವಾದ ಜಗಳ ವಾಪಸು ಬರುವ ಟೆಂಪೋದಲ್ಲಿ ಕಾತ್ರಜದವರೆಗೂ ನಡೆದಿತ್ತು. ಈ ವರ್ಷ ಯಾರನ್ನು ಯಾರ ಪಕ್ಕ ಕೂರಿಸಬೇಕು ಎಂಬುದು ಅತ್ತೆಯ ಸಮಸ್ಯೆ.

ನಾನು ಊಟ ಮಾಡುತ್ತಲೇ ನೋಡಿದೆ. “ಎರಡೂ ಬ್ಯಾರೆ ಬ್ಯಾರೆ ಅವ ಅತ್ಯಾ. ಹೋದ ವರ್ಷದ ಜಗಳ ಮುಗದು ಹೊಸಾದು ಸುರು ಆಗೇದ.”

“ಏನ ಹೊಸಾದು. ಶ್ಯಾಣ್ಯಾಕಿ ಅಂತಾರ ನಿನಗ ಮಂದಿ.” ಅತ್ತೆ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. “ಇದು ಹೋದ ವರ್ಷದ್ದ ಜಗಳ. ಹಾರ್ಮೋನಿಯಂದಾಕಿಗೆ ಕೈ ನೋವು ಅಂತ ತಾಳ ಹಿಡದ್ಲು, ತಾಳದಾಕಿ ಹಾರ್ಮೋನಿಯಂಕ್ಕ ಬಂದ್ಲು. ಮ್ಯಾಲ ಡೋಲಕದಾಕಿ ಪಾರ್ಟಿ ಬದಲ್ ಮಾಡಿದ್ಲು. ಅಷ್ಟ.”

“ಡೋಲಕದಾಕಿ ಏನ ಮಾಡಿದ್ಲು?”

“ಯಾರ ಜೋಡಿ ಮಾತಾಡ್ತಿದ್ಲೋ ಅವರನ್ನ ಬಿಟ್ಲು. ಬಿಟ್ಟವರನ್ನ ಹಿಡದ್ಲು. ಬರೇ ವಾದ್ಯ ಹಿಂದ ಮುಂದ ಮಾಡಿ ನೋಡಿದ್ರ ತಿಳಿಯಂಗಿಲ್ಲ, ಬರೇ ಪಾರ್ಟಿ ನೋಡಿದ್ರೂ ತಿಳಿಯಂಗಿಲ್ಲ. ಎರಡೂ ಕೂಡಿ ನೋಡು. ಒಳಗ ಅದ ಜಗಳ ಕೂತದ.”

ಕಥೆ ಹೇಳುವಾಗ ಇಲ್ಲಿ ನಾನು ನಿಲ್ಲಿಸಿ, ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು ಎನ್ನುತ್ತೇನೆ. ಉಳಿಯಲಿಲ್ಲ. ತಿಂದೆ. ಇನ್ನೊಂದು ಚಪಾತಿ ಹಾಕಿಸಿಕೊಂಡೆ. ಡೋಲಕದವಳ ಬಗ್ಗೆ ಇನ್ನಷ್ಟು ಚಾಡಿ ಕೇಳಿದೆ, ಮಲಗಿದೆ. ಹೊಳೆದದ್ದು ಮರುದಿನ ಬೆಳಿಗ್ಗೆ, ಸ್ವಾರಗೇಟಿನಲ್ಲಿ ಬಸ್ಸು ಬದಲಿಸುವಾಗ. ಅದೂ ಹೊಳೆದದ್ದಲ್ಲ, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಬಡೇಸೋಪಿನ ಕಾಳಿನ ಹಾಗೆ ಏನೋ ಒಂದು ಕಿರಿಕಿರಿ ಮಾಡುತ್ತಿತ್ತು. ಎರಡೂ ಕೂಡಿ. ನಾನು ಹೆಸರುಗಳನ್ನು ಬದಲಿಸಿ ನೋಡಿದ್ದೆ. ಬಣ್ಣ ತಿರುಗಿಸಿ ನೋಡಿದ್ದೆ. ಹೆಸರು ಬದಲಿಸಿದ ಮೇಲೆ ಬಣ್ಣವನ್ನೂ ತಿರುಗಿಸಿ ನೋಡಿರಲಿಲ್ಲ. ಗುಣಿಸಬೇಕಾದಲ್ಲಿ ಕೂಡಿಸಿದ್ದೆ. ನೋಡಬೇಕಾದದ್ದು ಐವತ್ತು ಲಕ್ಷಕ್ಕೂ ಮೇಲೆ, ನೋಡಿದ್ದು ನಲವತ್ತು ಸಾವಿರ ಮತ್ತು ನೂರಾ ಇಪ್ಪತ್ತೆಂಟು.

ಲೈಬ್ರರಿಯಲ್ಲಿ ಕೂತು ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದೆ. ಓಡಲು ಬಿಟ್ಟು ಕ್ಯಾಂಟೀನಿಗೆ ಹೋಗಿ ಚಹಾ ಕುಡಿದು ಬಂದೆ. ತೆರೆಯ ಮೇಲೆ ಉತ್ತರ ಬಂದು ಕೂತಿತ್ತು. ಹೊಂದುತ್ತದೆ.

ಇಲ್ಲೊಂದು ತಿದ್ದುಪಡಿ. ನನ್ನ ಗ್ರಾಫಿನಲ್ಲೂ ಮಂಡಳಿಯಲ್ಲಿ ಆದ ಹಾಗೆಯೇ ಎರಡು ಚುಕ್ಕೆ ಅದಲುಬದಲಾಗಿ ಒಂದು ತಿರುಗಿತ್ತು ಎಂದು ನಾನು ಕೆಲವರಿಗೆ ಹೇಳಿದ್ದುಂಟು. ಹಾಳೆ ಇನ್ನೂ ನನ್ನ ಹತ್ತಿರ ಇದೆ. ಐದು ಚುಕ್ಕೆಗಳು ಒಂದರ ಜಾಗಕ್ಕೆ ಒಂದು ಸುತ್ತಿಬಂದಿದ್ದವು, ಮೂರು ತಿರುಗಿದ್ದವು. ಯಾವ ಭಜನಿ ಮಂಡಳಿಯಲ್ಲೂ ಅಷ್ಟೊಂದು ಆಗುವುದಿಲ್ಲ.

ಮಧ್ಯಾಹ್ನವೇ ಮನೆಗೆ ಬಂದೆ. ಅತ್ತೆ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಮರುದಿನಕ್ಕೆಂದು ಈರುಳ್ಳಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಚುರಮುರಿಯ ದೊಡ್ಡ ಚೀಲ. ನಮ್ಮ ವಿಭಾಗದಲ್ಲಿ ಒಂದು ಪದ್ಧತಿ ಇತ್ತು: ಸೆಮಿನಾರ್ ಕೊಡುವವರೇ ಕೊನೆಯಲ್ಲಿ ಚಹಾದ ಜೊತೆ ತಿನ್ನಲು ಏನಾದರೂ ತರಬೇಕು. ಎಲ್ಲರೂ ಭಾಕರವಡಿಯ ಪೊಟ್ಟಣ ತಂದು ಮುಗಿಸುತ್ತಿದ್ದರು. ಅತ್ತೆಗೆ ಅದು ಒಪ್ಪಿಗೆಯಾಗಲಿಲ್ಲ. ಮೂವತ್ತು ಮಂದಿಗೆ ಗಿರಮಿಟ್ಟು ಮಾಡುತ್ತೇನೆಂದು ತಿಂಗಳ ಹಿಂದೆಯೇ ಸಾರಿದ್ದಳು.

“ಅತ್ಯಾ, ಸೆಮಿನಾರ್ ಇಲ್ಲ. ಅಧ್ಯಾಯ ಬಿತ್ತು.”

“ಎಲ್ಲಿ ಬಿತ್ತು?”

ಹೇಳಿದೆ. ಅವಳದೇ ಮಾತಿನಿಂದ ಬಿತ್ತು ಎಂದೂ ಹೇಳಿದೆ. ಅತ್ತೆ ಕಣ್ಣೊರೆಸಿಕೊಂಡಳು, ಈರುಳ್ಳಿಯ ಕಾರಣ ಇರಬೇಕು.

“ಅಂದ್ರ ಎರಡು ಅಂದಿದ್ದು ಒಂದ ಆತು.”

“ಹೌದು.”

“ಒಂದಾದ್ರೂ ಉಳೀತಲ್ಲ. ಅದನ್ನ ಹೇಳು.”

“ಅದನ್ನೇನು ಹೇಳೋದು ಅತ್ಯಾ, ಮಂದಿ ನಗ್ತಾರ.”

“ನಗಲಿ. ಮೂವತ್ತು ಮಂದಿ ಚುರಮುರಿ ನಾ ಏನ ಮಾಡ್ಲಿ? ಈರುಳ್ಳಿ ಸುಲದೀನಿ, ಹುಣಸಿಹಣ್ಣು ನೆನಿ ಹಾಕೀನಿ. ನಿಮ್ಮ ಸರ್‌ಗೆ ಫೋನ್ ಮಾಡು.”

ನಮ್ಮ ಗೈಡ್ ಮರಾಠಿಯವರು, ಮಾತು ಕಡಿಮೆ. ನಾನು ಎಲ್ಲ ಹೇಳಿ ಮುಗಿಸಿದೆ. ಆಮೇಲೆ ಮರಾಠಿಯಲ್ಲಿ, “ಸರಿ. ನಾಳೆ ನಾಲ್ಕು ಗಂಟೆಗೇ ಇಟ್ಟುಕೊಳ್ಳೋಣ. ಸಿಕ್ಕಿದ್ದನ್ನು ಹೇಳು” ಎಂದರು. ಫೋನ್ ಇಡುವ ಮೊದಲು, “ತಿನ್ನಲು ಏನೋ ಕರ್ನಾಟಕದ್ದು ಇದೆ ಅಂದಿದ್ದೆಯಲ್ಲ?” ಎಂದೂ ಕೇಳಿದರು.

ಗಿರಮಿಟ್ಟನ್ನು ಮೊದಲೇ ಕಲಸಿಟ್ಟರೆ ಚುರಮುರಿ ಮೆತ್ತಗಾಗುತ್ತದೆ. ಆದ್ದರಿಂದ ಅತ್ತೆಯೂ ಬರಬೇಕಾಯಿತು. ಒಂದು ಡಬ್ಬಿಯಲ್ಲಿ ಒಗ್ಗರಣೆ ಹಾಕಿದ ಈರುಳ್ಳಿ, ಹುಣಸೆಹಣ್ಣಿನ ಗೊಜ್ಜು, ಇನ್ನೊಂದರಲ್ಲಿ ಪುಟಾಣಿ ಹಿಟ್ಟು, ತೊಡೆಯ ಮೇಲೆ ಚುರಮುರಿ ಚೀಲ. ಸೆಮಿನಾರ್ ಕೋಣೆಯ ಕೊನೆಯ ಬೆಂಚಿನಲ್ಲಿ ನೆಟ್ಟಗೆ ಕೂತಳು. ಗೈಡ್ ಹೋಗಿ ನಮಸ್ಕಾರ ಮಾಡಿದರು. ಅತ್ತೆ ಮರಾಠಿಯಲ್ಲಿ ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದಳು.

ನಾನು ಬೋರ್ಡಿನ ಮೇಲೆ ಎರಡು ಗ್ರಾಫ್ ಬರೆದೆ. ಇವು ಎರಡು ಎಂದು ಎಂಟು ತಿಂಗಳು ನಂಬಿದ್ದೆ, ಇವತ್ತು ಒಂದೇ ಎಂದು ತೋರಿಸುತ್ತೇನೆ ಎಂದೆ. ಐದು ಚುಕ್ಕೆಗಳ ಹೆಸರು ಅಳಿಸಿ ಬರೆದೆ. ಕೆಂಪು, ನೀಲಿ ಸೀಮೆಸುಣ್ಣ ಹಿಡಿದು ಮೂರು ಚುಕ್ಕೆಗಳನ್ನು ಒಂದೊಂದಾಗಿ ತಿರುಗಿಸಿದೆ. ಕೊನೆಯ ಗೆರೆ ನೀಲಿಯಾಗುವ ಹೊತ್ತಿಗೆ ಎಡಗಡೆಯ ಚಿತ್ರ ಬಲಗಡೆಯದಾಗಿತ್ತು. ಯಾರೂ ನಗಲಿಲ್ಲ. ಇಬ್ಬರು ತಮ್ಮ ನೋಟ್‌ಬುಕ್ ತೆಗೆದು ಏನೋ ತಾಳೆ ನೋಡತೊಡಗಿದರು. ಅದರಲ್ಲೊಬ್ಬರ ಮುಖ ಇಳಿದದ್ದು ನನಗೆ ಒಳಗೊಳಗೇ ಸಮಾಧಾನ ತಂದಿತು ಎಂದು ಹೇಳಲು ನಾಚಿಕೆಯಾಗುತ್ತದೆ.

ವಿಭಾಗದ ಹಿರಿಯ ಪ್ರಾಧ್ಯಾಪಕರೊಬ್ಬರು ಮುಂದಿನ ಸಾಲಿನಿಂದ ಇಂಗ್ಲಿಷಿನಲ್ಲಿ ಕೇಳಿದರು. ಹಾಗಾದರೆ ನಾಲ್ಕನೇ ಅಧ್ಯಾಯದಲ್ಲಿ ಈಗ ಏನು ಉಳಿಯಿತು?

ನಾನು ಬೋರ್ಡಿನ ಕಡೆ ತಿರುಗಿದೆ. ಡಸ್ಟರ್ ಎತ್ತಿಕೊಂಡು ಎಡಗಡೆಯ ಚಿತ್ರ ಅಳಿಸತೊಡಗಿದೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಕನ್ನಡ ಕೇಳಿತು.

“ಮುಗೀತೇನವಾ? ಕಲಸಲೇನ?”

ಅರ್ಥವಾಗದವರೂ ನಕ್ಕರು. ಹಿರಿಯರು ಹಿಂದೆ ತಿರುಗಿ ಡಬ್ಬಿ ನೋಡಿ, ಪ್ರಶ್ನೆಯನ್ನು ಹಿಂತೆಗೆದುಕೊಂಡವರ ಹಾಗೆ ಎದ್ದುಬಿಟ್ಟರು. ಅವರು ಎರಡು ಸಲ ಹಾಕಿಸಿಕೊಂಡರು.

ಗೈಡ್ ಮೂಲೆಯಲ್ಲಿ ನಿಂತು ಕಾಗದದ ತಟ್ಟೆಯಿಂದ ತಿನ್ನುತ್ತ, “ಪ್ರೋಗ್ರಾಮ್ ಈಗ ಸರಿಯಿದೆಯಲ್ಲ, ಅದನ್ನೇ ಹಿಡಿದು ಮತ್ತೆ ಹುಡುಕು. ಒಂದು ವರ್ಷ ಬೇಕಾದೀತು” ಎಂದರು. ಆಮೇಲೆ, ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ, “ಎರಡನ್ನೂ ಒಟ್ಟಿಗೆ ನೋಡಿದೆಯಾ ಅಂತ ನಾನು ಹೋದ ತಿಂಗಳೇ ಕೇಳಿದ್ದೆ” ಎಂದರು.

“ಇಲ್ಲ ಸರ್, ಕೇಳಿರಲಿಲ್ಲ.”

“ಕೇಳಿದ್ದೆ.”

ಕೇಳಿದ್ದರು. ಮನೆಗೆ ಹೋಗಿ ನೋಟ್‌ಬುಕ್ ತಿರುವಿದಾಗ ಹೋದ ತಿಂಗಳ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ, ಆ ಪ್ರಶ್ನೆ ಇತ್ತು. ಅದರ ಪಕ್ಕದಲ್ಲಿ ‘ನೋಡಿ ಆಯಿತು’ ಎಂದು ಟಿಕ್ ಗುರುತು. ಆ ಟಿಕ್ ಹಾಕಿದ ಕೈ ನನ್ನದು, ನೆನಪು ಮಾತ್ರ ಯಾರದೋ. ಅಂದಿನಿಂದ ನಾನು ಹೇಳುವ ಕಥೆಯಲ್ಲಿ ಅತ್ತೆಯೇ ತಪ್ಪು ಕಂಡುಹಿಡಿದವಳು, ಯಾಕೆಂದರೆ ಅದು ಕೇಳಲು ಚೆನ್ನಾಗಿದೆ. ಗೈಡ್ ಒಮ್ಮೆಯೂ ಆಕ್ಷೇಪಿಸಿಲ್ಲ.

ಆ ಸಂಜೆ ರಿಕ್ಷಾದಲ್ಲಿ ಖಾಲಿ ಡಬ್ಬಿಗಳನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಕೂತಿದ್ದೆವು.

“ಅಂದ್ರ ಜುಲೈಕ್ಕ ಆಗಂಗಿಲ್ಲ” ಎಂದಳು ಅತ್ತೆ.

“ಆಗಂಗಿಲ್ಲ. ಇನ್ನೊಂದು ವರ್ಷ.”

“ಮಂಡಳಿಗೆ ಖೋಲಿ ಕೊಡ್ತೀನಿ ಅಂತ ಹೇಳಿಬಿಟ್ಟೀನಲ್ಲ.”

ನಾನು ಹೊರಗೆ ನೋಡಿದೆ. ಹಾಸ್ಟೆಲ್ಲಿನಲ್ಲಿ ಜಾಗ ಕೇಳುತ್ತೇನೆ ಎಂಬ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಸಿಗ್ನಲ್ಲಿನಲ್ಲಿ ರಿಕ್ಷಾ ನಿಂತಾಗ ಅತ್ತೆಯೇ ಮುಂದುವರಿಸಿದಳು.

“ಹಾರ್ಮೋನಿಯಂದಾಕಿಗೆ ನಾ ಹೇಳ್ತೀನಿ. ಖೋಲಿ ನಿಂದ ಇರಲಿ. ಆದ್ರ ಬುಧವಾರ ನೀ ಓದೂದು ಬ್ಯಾಡ, ಹೊರಗ ಬಂದು ಕೂಡು. ಕಿವಿ ಮುಚಗೊಂಡು ಒಳಗ ಕೂತ್ರ ಮಂದಿ ಏನಂತಾರ.”

ಮುಂದಿನ ಬುಧವಾರ ಹೊರಗೆ ಬಂದು ಕೂತೆ. ಡೋಲಕದವಳು ತನ್ನ ಹೊಸ ಪಾರ್ಟಿಯ ಮಧ್ಯೆ ಕೂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಪರೀಕ್ಷಾ ಆತೇನವಾ?”

“ಇಲ್ರಿ. ಇನ್ನೊಂದು ವರ್ಷ ಹಿಡೀತದ್ರಿ.”

“ಹಂಗಾದ್ರ ಸುಮ್ನ ಯಾಕ ಕೂತೀ, ತಾಳ ಹಿಡಿ. ಸಾಸವಡಕ್ಕ ಒಬ್ಬಾಕಿ ಕಡಿಮಿ ಬೀಳ್ತಾಳ.”

ಹಿಡಿದೆ. ಲಯ ತಪ್ಪಿದೆ. ಉಳಿದವರು ಹಾಡುತ್ತಲೇ ಇದ್ದರು, ಹಾರ್ಮೋನಿಯಂದವಳು ಮಾತ್ರ ಪ್ರತಿ ಸಲವೂ ತಲೆಯೆತ್ತಿ ನೋಡಿದಳು. ಎಲ್ಲರೂ ಹೋದಮೇಲೆ ಅತ್ತೆ ಹಾಳೆ ತೆಗೆದು ಅಂಚಿನಲ್ಲಿ ಎಂಟನೇ ಚುಕ್ಕೆ ಹಾಕಿದಳು. ಕೊನೆಗೂ ತನ್ನದು ಹಾಕಿಕೊಂಡಳು ಎಂದುಕೊಂಡೆ. ಅವಳು ಪಕ್ಕದಲ್ಲಿ ಪುಸ್ತಕದ ಚಿತ್ರ ಬರೆದಳು. ಡೋಲಕದವಳಿಗೆ ಒಂದು ನೀಲಿ ಗೆರೆ, ತಾಳದವಳಿಗೆ ಒಂದು ನೀಲಿ. ಆಮೇಲೆ ಕೆಂಪು ಪೆನ್ನು ತೆಗೆದುಕೊಂಡು ಹಾರ್ಮೋನಿಯಂ ಕಡೆಗೆ ಎಳೆದಳು. ಡೋಲಕಕ್ಕೂ ಹಾರ್ಮೋನಿಯಂಗೂ ನಡುವೆ ಮೊದಲೇ ಒಂದು ನೀಲಿ ಗೆರೆ ಇತ್ತು.

“ಕೆಂಪು ಯಾಕ ಅತ್ಯಾ? ಆಕಿ ಜೋಡಿ ನಾ ಮಾತ ಆಡಿಲ್ಲಲ್ಲ.”

“ನಿನ್ನ ಸಲುವಾಗಿ ಆಕಿಗೆ ಖೋಲಿ ಹೋತಲ್ಲ” ಎಂದಳು ಅತ್ತೆ, ಗೆರೆಯನ್ನು ಇನ್ನೊಂದು ಸಲ ತಿದ್ದಿ ದಪ್ಪ ಮಾಡುತ್ತ. “ಸಾಸವಡದಾಗ ಈಗ ನಿನ್ನ ಎಲ್ಲಿ ಕೂಡಸಲಿ, ಹೇಳು.”